ಅದಿರಿನ ಲೆಕ್ಕದಲ್ಲಿ 6 ಕಿಲೋ ಚಿನ್ನ ಕಮ್ಮಿ ಬರುತ್ತಿದೆ, ಎಲ್ಲಿ ನೋಡಲಿ?

ತೀರ್ಥಹಳ್ಳಿ ಹುಡುಗ:

ನಮಸ್ಕಾರ ಎಲ್ಲರಿಗೂ. ನಮ್ಮದು ಅಡಿಕೆ ತೋಟದ ಮನೆ. ನಾನು ಬಿ.ಕಾಂ ಮುಗಿಸಿ ಎಂಟು ತಿಂಗಳಿಂದ ಬಯಲುಸೀಮೆಯ ಒಂದು ಚಿನ್ನದ ಗಣಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಯಾವ ಗಣಿ ಅಂತ ಕೇಳಬೇಡಿ. ದೀಪಾವಳಿಗೆ ರಜೆ ಹಾಕಿ ಬಂದಿದ್ದೇನೆ. ಅಂಗಳದ ತುಂಬ ಅಡಿಕೆ ಸುಲಿಯುವವರು, ನನ್ನ ತಲೆ ಮಾತ್ರ ಅಲ್ಲೇ ಇದೆ.

ವಿಷಯ ಇಷ್ಟು. ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ. ಲಾರಿ ತೂಗುವ ವೇಬ್ರಿಡ್ಜ್ ಪ್ರಕಾರ ತಿಂಗಳಿಗೆ ಮಿಲ್ಲಿಗೆ, ಅಂದರೆ ಅದಿರು ಅರೆದು ಚಿನ್ನ ತೆಗೆಯುವಲ್ಲಿಗೆ, ಹೋದ ಅದಿರು 10,000 ಟನ್. ಗಣಿಯೊಳಗಿನ ಸ್ಯಾಂಪಲ್‌ಗಳ ಸರಾಸರಿ ಟನ್ನಿಗೆ 4 ಗ್ರಾಂ. ಹಾಗಾದ್ರೆ 40 ಕಿಲೋ ಬರಬೇಕು. ಬಂದಿದ್ದು 34. ಉಳಿದ 6 ಕಿಲೋ ಎಲ್ಲಿ ಹೋಯಿತು ಅಂತ ಬರೆದು ಕೊಡಲು ನನಗೇ ಹೇಳಿದ್ದಾರೆ. ಟೀ ಅಂಗಡಿಯಲ್ಲಿ ಆಗಲೇ ಕಳ್ಳತನದ ಮಾತು. ಅಪ್ಪನಿಗೆ ಹೇಳಿದರೆ, "ಮಂಡಿಯಲ್ಲಿ ನಮ್ಮ ಅಡಿಕೆ ಹೋದ ಹಾಗೇ ಹೋಗಿರುತ್ತದೆ ಬಿಡು" ಅಂತ ನಕ್ಕರು.

ಸಾಗರದ ಮಂಡಿ ಗುಮಾಸ್ತ:

ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು! ಚಿನ್ನದ ವಿಷಯ ನನಗೆ ಗೊತ್ತಿಲ್ಲ ಮಾರಾಯ. ಆದರೆ ತೂಕ ಕಮ್ಮಿ ಅಂದ ಕೂಡಲೇ ನಾವು ಕೇಳುವುದು ಒಂದೇ, ಅಡಿಕೆ ಸರಿ ಒಣಗಿತ್ತಾ? ಕಲ್ಲಿಗೂ ಹಾಗೆ ಏನಾದರೂ ಇದೆಯಾ ನೋಡು.

ಕೊಪ್ಪದ ಹಳೇ ಅಸ್ಸೇಯರ್:

ಗುಮಾಸ್ತರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ನಾನು 26 ವರ್ಷ ಅಸ್ಸೇ ಆಫೀಸಿನಲ್ಲಿ, ಅಂದರೆ ಅದಿರಿನಲ್ಲಿ ಚಿನ್ನ ಎಷ್ಟಿದೆ ಅಂತ ಪರೀಕ್ಷಿಸುವ ಕಡೆ, ಅದಿರು ಕರಗಿಸಿದವನು. ಈಗ ಕಾಫಿ ಗಿಡ ನೋಡಿಕೊಂಡಿದ್ದೇನೆ.

ತಮ್ಮ, ವೇಬ್ರಿಡ್ಜಿನ 10,000 ಟನ್ ಹಸಿ ತೂಕ. ಅಸ್ಸೇ ರಿಪೋರ್ಟಿನ 4 ಗ್ರಾಂ ಒಣ ಪುಡಿಯದ್ದು. 105 ಡಿಗ್ರಿಯ ಓವನ್ನಿನಲ್ಲಿ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ಆಮೇಲೆ ಮಾಡಿದ್ದು. ತೇವ ನೂರಕ್ಕೆ 4 ಅಂದುಕೋ. ಒಣ ಅದಿರು 9,600 ಟನ್, ಚಿನ್ನ 38.4 ಕಿಲೋ. ನಿನ್ನ ಆರರಲ್ಲಿ 1.6 ಕಿಲೋ ಬರೀ ನೀರು.

ಇನ್ನು ಮಿಲ್ಲು ಇದ್ದ ಚಿನ್ನವನ್ನೆಲ್ಲ ಹಿಡಿಯುವುದಿಲ್ಲ. ಚಿನ್ನ ತೆಗೆದ ಮೇಲೆ ಉಳಿಯುವ ಪುಡಿಗೆ ಟೇಲಿಂಗ್ಸ್ ಅನ್ನುತ್ತೇವೆ. ಟೇಲಿಂಗ್ಸ್‌ನಲ್ಲಿ ಟನ್ನಿಗೆ 0.3 ಗ್ರಾಂ ಉಳಿದರೂ 2.88 ಕಿಲೋ ಆಯಿತು. ಅದನ್ನು ಯಾರೂ ಕದ್ದಿಲ್ಲ, ಹೊರಗೆ ಗುಡ್ಡೆಯಾಗಿ ಬಿದ್ದಿದೆ. 34ಕ್ಕೆ ಸೇರಿಸು, 36.88. ಇದನ್ನು 38.4ರಿಂದ ಭಾಗಿಸಿದರೆ ನೂರಕ್ಕೆ 96. ಮೈನ್ ಕಾಲ್ ಫ್ಯಾಕ್ಟರ್ ಅಂತ ಕೇಳಿರುತ್ತೀಯಲ್ಲ, ಅದೇ ಇದು, ಬರಬೇಕಾದ ಚಿನ್ನದಲ್ಲಿ ಲೆಕ್ಕಕ್ಕೆ ಸಿಕ್ಕ ಪಾಲು. ಅಲ್ಲಿಗೆ ನೀನು ಹುಡುಕಬೇಕಾದದ್ದು ಒಂದೂವರೆ ಕಿಲೋ. ಆರಲ್ಲ.

ನನಗೆ ಅನುಮಾನ ಇರುವುದು ಸ್ಯಾಂಪಲ್ ತೆಗೆಯುವ ಕೈ ಮೇಲೆ. ಗಣಿಯೊಳಗೆ ಗೋಡೆಗೆ ಅಡ್ಡಲಾಗಿ, ಒಂದೇ ಅಗಲ ಒಂದೇ ಆಳಕ್ಕೆ ಕೊರೆದು ಚೂರು ತುಂಬಬೇಕು. ಅದಿರಿನ ಬೆಣಚುಕಲ್ಲು ಬಿರುಕು ಬಿಟ್ಟಿದ್ದರೆ ಉಳಿ ಇಟ್ಟ ಕೂಡಲೇ ಉದುರುತ್ತದೆ. ಪಕ್ಕದ ಕರಿ ಕಲ್ಲು ಜಪ್ಪಯ್ಯ ಅಂದರೂ ಬರುವುದಿಲ್ಲ. ಶಿಫ್ಟ್ ಮುಗಿಯುವ ಹೊತ್ತಿಗೆ ಸುಸ್ತಾದ ಕೈ ಉದುರಿದ್ದನ್ನೇ ಜಾಸ್ತಿ ತುಂಬುತ್ತದೆ, ಸ್ಯಾಂಪಲ್ಲಿನಲ್ಲಿ ಚಿನ್ನ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ. ಚೀಲದ ಬಾಯಲ್ಲಿ ಒಳ್ಳೇ ಅಡಿಕೆ ಇಟ್ಟ ಹಾಗೆ ಆಯಿತು, ಬೇಕಂತ ಮಾಡಿದ್ದಲ್ಲ ಅಷ್ಟೇ. ಸಾಲದ್ದಕ್ಕೆ, ಸಿಡಿಮದ್ದು ಹೊಡೆದಾಗ ಆ ಕರಿ ಕಲ್ಲೂ ಅದಿರಿನ ಜೊತೆ ಬೀಳುತ್ತದೆ. ಅದರಲ್ಲಿ ಚಿನ್ನ ಇಲ್ಲ, ತೂಕ ಇದೆ. ಅದನ್ನೂ ಸೇರಿಸಿ 4ರಿಂದ ಗುಣಿಸಿದ್ದೀರಾ ನೋಡು.

ಅಸ್ಸೇ ಎಷ್ಟು ಸೂಕ್ಷ್ಮ ಅಂತ ಲೆಕ್ಕದವರಿಗೆ ಗೊತ್ತಿರಬೇಕು. ಮೂಸೆಗೆ 30 ಗ್ರಾಂ ಅದಿರಿನ ಪುಡಿ, ಲಿಥಾರ್ಜ್ (ಸೀಸದ ಆಕ್ಸೈಡ್), ಸೋಡಾ, ಬಿಳಿಗಾರ, ಸ್ವಲ್ಪ ಮೈದಾ. ಹೌದು, ಮೈದಾ ಹಿಟ್ಟೇ. ಅದು ಸುಟ್ಟು ಕರಿಯಾಗಿ ಲಿಥಾರ್ಜಿನಿಂದ ಸೀಸ ಬಿಡಿಸುತ್ತದೆ. ಸೀಸದ ಹನಿಗಳು ಚಿನ್ನ ಹಿಡಿದುಕೊಂಡು ತಳಕ್ಕೆ ಇಳಿಯುತ್ತವೆ. ಆರಿದ ಮೇಲೆ ಗಾಜಿನಂಥ ಕಿಟ್ಟ ಒಡೆದರೆ ಕೆಳಗೆ ಸೀಸದ ಗುಂಡು. ಅದನ್ನು ಮೂಳೆ ಬೂದಿಯ ಪುಟ್ಟ ಬಟ್ಟಲು, ಅಂದರೆ ಕಪೆಲ್‌ನಲ್ಲಿಟ್ಟು ಕಾಯಿಸಿದರೆ ಸೀಸವನ್ನೆಲ್ಲ ಕಪೆಲ್ ಕುಡಿಯುತ್ತದೆ, ಕೊನೆಗೆ ಉಳಿದ ಚಿನ್ನ-ಬೆಳ್ಳಿಯ ಮಣಿ ಫಳ್ ಅಂತ ಒಮ್ಮೆ ಮಿನುಗುತ್ತದೆ. ನೈಟ್ರಿಕ್ ಆಸಿಡ್ಡಿನಲ್ಲಿ ಬೆಳ್ಳಿ ಕರಗಿಸಿದ ಮೇಲೆ ಉಳಿಯುವ ಚಿನ್ನ, ನಿಮ್ಮ 4 ಗ್ರಾಮಿನ ಅದಿರಿಗೆ, 0.12 ಮಿಲಿಗ್ರಾಂ. ಸೀನಿದರೆ ಹೋಯಿತು.

ಒಂದು ಸಲ ನಾನೇ ಎಡವಟ್ಟು ಮಾಡಿದ್ದೆ. ಕಣ್ಣಿಗೇ ಚಿನ್ನ ಕಾಣುವಂಥ ಸ್ಯಾಂಪಲ್ ಅರೆದು, ಯಂತ್ರ ಸ್ವಚ್ಛ ಮಾಡದೆ ಮುಂದಿನದನ್ನು ಹಾಕಿಬಿಟ್ಟೆ. ಚಿನ್ನವೇ ಇಲ್ಲದ ಬರಡು ಕಲ್ಲಿನಲ್ಲಿ ಟನ್ನಿಗೆ 2 ಗ್ರಾಂ ಬಂತು. ಹೊಸ ಚಿನ್ನದ ಪಟ್ಟೆ ಸಿಕ್ಕಿತು ಅಂತ ಜಿಯಾಲಜಿಸ್ಟ್‌ಗಳು ಮೂರು ದಿನ ಕುಣಿದರು! ಆಮೇಲೆ ಪ್ರತಿ ಇಪ್ಪತ್ತು ಸ್ಯಾಂಪಲ್‌ಗೆ ಒಂದು ಬರಡು ಕಲ್ಲು ಕಡ್ಡಾಯ ಮಾಡಿದೆವು, ಅದರಲ್ಲಿ ಚಿನ್ನ ಕಂಡರೆ ಎಲ್ಲೋ ಬೆರಕೆಯಾಗಿದೆ ಅಂತ ಗೊತ್ತಾಗಲಿ ಅಂತ.

ಅಂದ ಹಾಗೆ, 34 ಕಿಲೋ ಅಂದದ್ದು ಎರಕದ ಗಟ್ಟಿಯ ತೂಕವೋ, ಅಪ್ಪಟ ಚಿನ್ನವೋ? ಗಟ್ಟಿಯಲ್ಲಿ ಬೆಳ್ಳಿಯೂ ಇರುತ್ತದೆ.

ತೀರ್ಥಹಳ್ಳಿ ಹುಡುಗ:

ಅಪ್ಪಟವೇ ಸಾರ್, ರಿಫೈನರಿ ಕಾಗದ ನೋಡಿಯೇ ಬರೆದದ್ದು. ಆದರೆ ನೀವು ಹೇಳಿದ ಮೇಲೆ ಶೀಟ್ ತೆಗೆದು ನೋಡಿದೆ. ತೇವಕ್ಕೆ ಒಂದು ಕಾಲಂ ಇದೆ. ಎಂಟು ತಿಂಗಳಿಂದ ಖಾಲಿ! ನಾನು ಸುಮ್ನೆ ದಾಟಿ ಹೋಗುತ್ತಿದ್ದೆ.

ಹೊನ್ನಾಳಿಯವ:

ತಡವಾಗಿ ಬಂದೆ. ನಮ್ಮ ಹೊನ್ನಾಳಿ ಸೀಮೆಯಲ್ಲೂ ಹಿಂದೆ ಚಿನ್ನಕ್ಕಾಗಿ ಅಗೆದಿದ್ದರು. ತಾಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, ಅಭ್ಯಾಸಬಲದಿಂದ ನಾನು ಇನ್ನೂ ಶಿವಮೊಗ್ಗದವನೇ.

ತಿಂಗಳ ಕೊನೆಗೆ ಮಿಲ್ಲಿನ ಒಳಗೇ ಉಳಿದ ಚಿನ್ನ ಎಣಿಸಿದ್ದಾರಾ ಕೇಳಿ. ಟ್ಯಾಂಕಿನ ಕಾರ್ಬನ್ ಚಿನ್ನ ಹಿಡಿದಿಟ್ಟಿರುತ್ತದೆ. ಅದಿರು ಅರೆಯುವ ಬಾಲ್ ಮಿಲ್ಲಿನ ಲೈನರ್ (ಒಳಗೋಡೆಯ ಹೊದಿಕೆ) ಸಂದಿಯಲ್ಲೂ ಕೂತಿರುತ್ತದೆ, ಲೈನರ್ ಬದಲಿಸುವಾಗಲೇ ಅದು ಕೈಗೆ ಸಿಗುವುದು. ಒಂದು ತಿಂಗಳದ್ದು ನೋಡಿ ಗಾಬರಿಯಾಗಬೇಡಿ, ಆರು ತಿಂಗಳದ್ದು ಒಟ್ಟಿಗೆ ಹಾಕಿ ನೋಡಿ.

ಕೊಪ್ಪದ ಹಳೇ ಅಸ್ಸೇಯರ್:

ಇದು ನನಗೆ ಮರೆತೇ ಹೋಗಿತ್ತು. ಸರಿಯಾದ ಮಾತು. ಮತ್ತೆ ತಮ್ಮ, ಖಾಲಿ ಗಾಡಿಯ ತೂಕ ಪ್ರತಿ ಸಲ ಹಾಕುತ್ತಾರಾ, ಹಳೇದನ್ನೇ ನಡೆಸುತ್ತಾರಾ? ಮಳೆಗಾಲದಲ್ಲಿ ಟಿಪ್ಪರಿನ ತಳಕ್ಕೆ ಮೆತ್ತಿದ ಕೆಸರೂ ಅದಿರು ಅಂತಲೇ ಬರೆದುಕೊಳ್ಳುತ್ತದೆ ಆ ಯಂತ್ರ.

ತೀರ್ಥಹಳ್ಳಿ ಹುಡುಗ:

ಹಳೇದೇ ನಡೆಯುತ್ತಿದೆ ಸಾರ್. ಜನವರಿಯಲ್ಲಿ ಹಾಕಿದ್ದು. ಸೋಮವಾರ ಡ್ಯೂಟಿಗೆ ಹೋದ ಕೂಡಲೇ ಮೊದಲು ವೇಬ್ರಿಡ್ಜ್ ಹತ್ತಿರ ನಿಲ್ಲುತ್ತೇನೆ, ಸಂಜೆ ಇಲ್ಲೇ ಬಂದು ಹೇಳುತ್ತೇನೆ.