ದಡವನ್ನೇ ಕಾಣದ ದಾಳಿ ಹಡಗಿನಲ್ಲಿ ಪುಂಡ ನಾವಿಕನನ್ನು ಏನು ಮಾಡುತ್ತಿದ್ದರು?

ಪ್ರಶ್ನೆ — ಕಡಲಾಸಕ್ತ
ಮೊದಲನೆಯ ಮಹಾಯುದ್ಧದಲ್ಲಿ ಶತ್ರುಗಳ ಸರಕು ಹಡಗುಗಳನ್ನು ಹಿಡಿಯಲು, ಮುಳುಗಿಸಲು ಹೊರಟ ಜರ್ಮನಿಯ ದಾಳಿ ಹಡಗು ‘ವೋಲ್ಫ್’ 1916ರ ನವೆಂಬರ್ 30ರಂದು ಕೀಲ್ ಬಂದರನ್ನು ಬಿಟ್ಟು, 451 ದಿನ ಎಲ್ಲಿಯೂ ಬಂದರು ಸೇರದೆ, 1918ರ ಫೆಬ್ರುವರಿ 24ರಂದು ಹಿಂದಿರುಗಿತು. ಬೇರೆ ಯುದ್ಧನೌಕೆಗಳಲ್ಲಾದರೆ ಜಗಳಗಂಟನನ್ನೋ ಆಜ್ಞೆ ಮೀರಿದವನನ್ನೋ ಮುಂದಿನ ಬಂದರಿನಲ್ಲಿ ಇಳಿಸಿ ಸೆರೆಮನೆಗೆ ಕಳುಹಿಸಬಹುದಿತ್ತು. ಇಲ್ಲಿ ಅಂಥವನ ಗತಿಯೇನು? ವಶಪಡಿಸಿಕೊಂಡ ಹಡಗೊಂದಕ್ಕೆ ಅವನನ್ನು ಸಾಗಹಾಕಬಹುದಿತ್ತೇ?

ಉತ್ತರ — ನೌಕಾಚರಿತ್ರೆ
ಜರ್ಮನ್ ಸೇನಾ ಕಾನೂನಿನಲ್ಲಿ ಬಂಧನದ ಶಿಕ್ಷೆಗೆ ಹಲವು ಹಂತಗಳಿದ್ದು, ಕಠಿಣವಾದ ಹಂತಗಳಲ್ಲಿ ಬರೀ ಹಲಗೆಯ ಮೇಲೆ ಮಲಗಿ ಬ್ರೆಡ್ಡು ಮತ್ತು ನೀರಿನಲ್ಲೇ ದಿನ ಕಳೆಯಬೇಕಾಗುತ್ತಿತ್ತು. ಆದರೆ ದಾಳಿ ಹಡಗಿನಲ್ಲಿ ಒಬ್ಬನನ್ನು ಕೂಡಿಹಾಕಿದರೆ ಅವನ ಪಾಲಿನ ಕೆಲಸ ಜೊತೆಗಾರರ ಹೆಗಲಿಗೆ ಬೀಳುತ್ತದೆ. ‘ವೋಲ್ಫ್’ನಲ್ಲಿ ಸಿಬ್ಬಂದಿ ಸುಮಾರು 350 ಮಂದಿ, ಕೊನೆಯ ಹೊತ್ತಿಗೆ ಕೈದಿಗಳೇ 400ಕ್ಕೂ ಹೆಚ್ಚು. ಅಷ್ಟು ಜನರನ್ನು ಕಾಯಬೇಕು, ಬಾಯ್ಲರುಗಳಿಗೆ ಕಲ್ಲಿದ್ದಲು ಉಣಿಸಬೇಕು, ಹಿಡಿದ ಹಡಗುಗಳಿಂದ ಕಲ್ಲಿದ್ದಲನ್ನು ಹೊತ್ತು ತುಂಬಿಸಬೇಕು. ಸರಕು ಹಡಗಿನ ವೇಷದಲ್ಲಿ ಸಾಗುತ್ತಿದ್ದ ಅದರ ಡೆಕ್ಕಿನಲ್ಲಿ ರಾತ್ರಿ ಯಾರಾದರೂ ಉಡಾಫೆಯಿಂದ ಒಂದು ದೀಪ ತೋರಿಸಿದರೂ ಎಲ್ಲರ ಪ್ರಾಣಕ್ಕೆ ಸಂಚಕಾರ. ಈ ಸಂಗತಿ ಜೊತೆಗಾರರಿಗೂ ತಿಳಿದಿತ್ತಾದ್ದರಿಂದ, ಪುಂಡನಿಗೆ ಅಧಿಕಾರಿಯ ದಂಡನೆಗಿಂತ ಅವರ ಸಿಟ್ಟೇ ಹೆಚ್ಚು ಭಯ ಹುಟ್ಟಿಸಿರಬೇಕು ಎಂದು ನನ್ನ ಅಭಿಪ್ರಾಯ.

ಉತ್ತರ — ಅಲೆಮಾಲೆ
ಶಿಕ್ಷೆಗಿಂತ ಮೊದಲು ಪುಂಡಾಟಿಕೆಯ ಮೂಲವನ್ನು ನೋಡಬೇಕು. ದಾಳಿ ಹಡಗಿನ ಬದುಕಿನಲ್ಲಿ ಕಾಳಗದ ಗಳಿಗೆಗಳು ಕೆಲವೇ. ಉಳಿದದ್ದೆಲ್ಲ ಖಾಲಿ ಕಡಲು, ಅದೇ ಮುಖಗಳು, ಮನೆಯಿಂದ ಕಾಗದವಿಲ್ಲದ ತಿಂಗಳುಗಳು. ಎರಡನೆಯ ಮಹಾಯುದ್ಧದಲ್ಲಿ 622 ದಿನ ಕಡಲಲ್ಲಿದ್ದ ಜರ್ಮನ್ ದಾಳಿ ಹಡಗು ‘ಅಟ್ಲಾಂಟಿಸ್’ನ ಕಪ್ತಾನ ಬರ್ನ್‌ಹಾರ್ಡ್ ರೊಗ್ಗೆ ಇದನ್ನು ಸರಿಯಾಗಿ ಗ್ರಹಿಸಿದ್ದರು. ಅವರು ಹಡಗಿನಲ್ಲಿಯೇ ರಜೆಯ ಏರ್ಪಾಡು ಮಾಡಿದರು: ಸರದಿ ಬಂದವನು ಪ್ರತ್ಯೇಕ ಜಾಗದಲ್ಲಿದ್ದುಕೊಂಡು, ಕಾಳಗದ ಕರೆ ಬಂದ ಹೊರತು ಯಾವ ಕೆಲಸಕ್ಕೂ ಹೋಗಬೇಕಾಗಿರಲಿಲ್ಲ. ಗದರಿಕೆಗೆ ಜಗ್ಗದ ಮನುಷ್ಯನೂ ಇಂತಹ ಬಿಡುವಿನಿಂದ ಹಗುರಾಗುತ್ತಾನೆ.

ಉತ್ತರ — ಹಳೆಯ ಓದುಗ
ಅಲೆಮಾಲೆಯವರ ಮಾತನ್ನು ಇನ್ನೊಂದು ಘಟನೆಯೂ ಬೆಂಬಲಿಸುತ್ತದೆ. 1917ರ ಆಗಸ್ಟ್ 6ರಂದು, ‘ವೋಲ್ಫ್’ ಪೆಸಿಫಿಕ್ ಸಾಗರದಲ್ಲಿ ‘ಮಟುಂಗಾ’ ಎಂಬ ಹಡಗನ್ನು ಹಿಡಿದಾಗ, ಜರ್ಮನಿಯ ಬಂದರಿನಲ್ಲಿ ಹೆಚ್ಚಿನ ಕಾಲ ಲಂಗರು ಹಾಕಿಯೇ ಇರುತ್ತಿದ್ದ ದೊಡ್ಡ ಯುದ್ಧನೌಕೆಗಳಲ್ಲಿ ನಾವಿಕರು ಕಳಪೆ ಊಟ ಮತ್ತು ಅಧಿಕಾರಿಗಳ ದರ್ಪದ ವಿರುದ್ಧ ಸಿಡಿದೆದ್ದಿದ್ದರು. ಅವರಲ್ಲಿ ಆಲ್ಬಿನ್ ಕೋಬಿಸ್ ಮತ್ತು ಮ್ಯಾಕ್ಸ್ ರೈಶ್‌ಪೀಚ್ ಎಂಬ ಇಬ್ಬರನ್ನು ಸೆಪ್ಟೆಂಬರ್ 5ರಂದು ಗುಂಡಿಕ್ಕಿ ಕೊಲ್ಲಲಾಯಿತು. ಅವರನ್ನು ಬರೀ ಪುಂಡರೆಂದು ಕರೆಯಲು ನನಗೆ ಮನಸ್ಸೊಪ್ಪದು. ‘ವೋಲ್ಫ್’ನಲ್ಲೂ ಊಟ ಚೆನ್ನಾಗಿರಲಿಲ್ಲ, ಕೊನೆಯ ತಿಂಗಳುಗಳಲ್ಲಿ ಸ್ಕರ್ವಿ (ತಾಜಾ ಹಣ್ಣು ತರಕಾರಿಗಳಿಲ್ಲದೆ ಬರುವ ಕಾಯಿಲೆ) ಹಬ್ಬಿತ್ತು, ಆದರೆ ಆ ಕಷ್ಟಕ್ಕೆ ಮೇಲಿನವರೂ ಕೆಳಗಿನವರೂ ಒಟ್ಟಿಗೇ ಸಿಕ್ಕಿದ್ದರು.

ವಶಪಡಿಸಿಕೊಂಡ ಹಡಗಿಗೆ ಸಾಗಹಾಕುವ ಬಗ್ಗೆ ಕೇಳಿದ್ದೀರಿ. ಅಂಥ ಹಡಗನ್ನು ಬೆರಳೆಣಿಕೆಯ ನಾವಿಕರು ಕೈದಿಗಳ ನಡುವೆಯೇ ಇದ್ದು ನಡೆಸಬೇಕಾಗಿತ್ತಾದ್ದರಿಂದ, ಅಲ್ಲಿಗೆ ಹೆಚ್ಚು ನಂಬಿಕಸ್ಥರೇ ಬೇಕಿದ್ದರು. ‘ವೋಲ್ಫ್’ ಹಾಗೆ ಕಳುಹಿಸಿದ ‘ಇಗೊಟ್ಸ್ ಮೆಂಡಿ’ ಮನೆಗೆ ಹತ್ತಿರವಾಗಿಯೂ ಯುದ್ಧದಲ್ಲಿ ತಟಸ್ಥವಾಗಿದ್ದ ಡೆನ್ಮಾರ್ಕಿನ ಸ್ಕಾಗೆನ್ ಬಳಿ ನೆಲಕಚ್ಚಿತು; ಕೈದಿಗಳು ಬಿಡುಗಡೆಯಾದರು, ಕಾವಲಿದ್ದ ನಾವಿಕರೇ ಬಂಧಿತರಾದರು.