ನಾಲ್ಕು ವರ್ಷದಿಂದ ಗ್ಯಾಸ್ಟ್ರಿಕ್ ಮಾತ್ರೆ, ಈಗ ಪ್ರೊಬಯಾಟಿಕ್ಕೂ ಬೇಕಾ?

ಪ್ರಶ್ನೆ (ದಾವಣಗೆರೆಯಿಂದ):
ನಮಸ್ಕಾರ ಮೇಡಂ. ನಮ್ಮ ತಂದೆಗೆ 64. ಎದೆಯುರಿ, ಹುಳಿತೇಗು ಅಂತ ನಾಲ್ಕು ವರ್ಷದ ಹಿಂದೆ ಶುರುವಾದ, ಆಮ್ಲ ತಗ್ಗಿಸೋ ಪ್ಯಾಂಟೊಪ್ರಜೋಲ್, ವಾಕರಿಕೆ ತಡೆಯೋ ಡಾಂಪೆರಿಡೋನ್ ಸೇರಿರೋ ಮಾತ್ರೆ ಇನ್ನೂ ನಿಂತಿಲ್ಲ. ಹಳೇ ಚೀಟಿ ತೋರಿಸಿದ್ರೆ ಮೆಡಿಕಲ್‌ನಲ್ಲಿ ಕೊಡ್ತಾರೆ. ಶುಗರ್‌ಗೆ ಮೆಟ್‌ಫಾರ್ಮಿನ್ ಇದೆ. ಆರು ತಿಂಗಳಿಂದ ಊಟ ಆಗ್ತಿದ್ದಂಗೆ ಹೊಟ್ಟೆ ಉಬ್ಬರಿಸುತ್ತೆ. ಮಾತ್ರೆಯಿಂದ ಒಳ್ಳೇ ಬ್ಯಾಕ್ಟೀರಿಯಾ ಎಲ್ಲ ಸತ್ತಿವೆ, ಜೀವಂತ ಒಳ್ಳೇ ಬ್ಯಾಕ್ಟೀರಿಯಾ ಇರೋ ಪ್ರೊಬಯಾಟಿಕ್ ಕೊಡಿ ಅಂತ ಸಂಬಂಧಿಕರು ಹೇಳ್ತಾರೆ. ಮನೇಲಿ ದಿನಾ ಇಡ್ಲಿ, ಮೊಸರು ಇದ್ದೇ ಇದೆ. ಅದು ಸಾಲಲ್ವಾ?

ಉತ್ತರ (ಜೀರ್ಣಾಂಗ ತಜ್ಞೆ):
ಸತ್ತಿವೆ ಅನ್ನೋದಕ್ಕಿಂತ, ಬಾಗಿಲು ಕಾಯೋನು ನಿದ್ದೆ ಮಾಡ್ತಿದ್ದಾನೆ ಅನ್ನಿ. ಬಾಯಿಂದ ಒಳಗೆ ಹೋಗೋ ಬ್ಯಾಕ್ಟೀರಿಯಾದಲ್ಲಿ ಹೆಚ್ಚಿನವನ್ನ ಹೊಟ್ಟೆಯ ಆಮ್ಲ ಕೊಲ್ಲುತ್ತೆ. ಈ ಮಾತ್ರೆ ಆಮ್ಲ ತಗ್ಗಿಸಿದಾಗ ಅವು ಕರುಳಿನವರೆಗೂ ಇಳಿಯುತ್ತವೆ. ಕೆಲವರಿಗೆ ಸಣ್ಣ ಕರುಳಲ್ಲಿ ಅವು ಅತಿಯಾಗಿ ಬೆಳೆದು ಗ್ಯಾಸ್, ಉಬ್ಬರ ಶುರುವಾಗುತ್ತೆ. ಆದರೆ ನಿಮ್ಮ ತಂದೆಯವರ ವಿಷಯದಲ್ಲಿ ನನಗೆ ಮೆಟ್‌ಫಾರ್ಮಿನ್ ಮೇಲೂ ಅಷ್ಟೇ ಅನುಮಾನ. ಅದೂ ಹೊಟ್ಟೆ ಕೆಡಿಸುತ್ತೆ.

ಇಡ್ಲಿ ಹಿಟ್ಟನ್ನ ಹುದುಗಿಸೋ ಬ್ಯಾಕ್ಟೀರಿಯಾ ಹಬೆಯಲ್ಲಿ ಸಾಯುತ್ತವೆ, ಹಾಗಾಗಿ ಇಡ್ಲಿ ಪ್ರೊಬಯಾಟಿಕ್ ಅಲ್ಲ. ಕುದಿಸಿದ ಮಜ್ಜಿಗೆಹುಳಿಯೂ ಅಲ್ಲ. ತಣ್ಣಗಿನ ಅನ್ನಕ್ಕೆ ಕಲಸಿದ ಮೊಸರಲ್ಲಿ ಜೀವ ಇರುತ್ತೆ. ಒಗ್ಗಿದ್ರೆ ಧಾರಾಳವಾಗಿ ತಿನ್ನಲಿ, ಆದ್ರೆ ಔಷಧಿ ಅಂತ ಅಲ್ಲ. ಕ್ಯಾಪ್ಸೂಲ್‌ಗೆ ದುಡ್ಡು ಸುರಿಯೋದು ನನಗೆ ಒಪ್ಪಿಗೆ ಇಲ್ಲ: ಹೆಚ್ಚಿನ ಜೀರ್ಣಾಂಗ ಕಾಯಿಲೆಗಳಿಗೆ ಪ್ರೊಬಯಾಟಿಕ್ ಶಿಫಾರಸು ಮಾಡೋಷ್ಟು ಪುರಾವೆ ಇಲ್ಲ ಅಂತ ಅಮೆರಿಕದ ಜೀರ್ಣಾಂಗ ತಜ್ಞರ ಸಂಘವೇ 2020ರಲ್ಲಿ ಹೇಳಿದೆ.

ನಾನು ಕೇಳೋದು ಬೇರೆ. ಈ ಮಾತ್ರೆ ಇನ್ನೂ ಬೇಕಾ ಅಂತ ನಾಲ್ಕು ವರ್ಷದಲ್ಲಿ ಯಾರಾದ್ರೂ ನೋಡಿದ್ರಾ? ಡಾಂಪೆರಿಡೋನ್ ಅಂತೂ ವರ್ಷಗಟ್ಟಲೆ ನುಂಗೋ ಮದ್ದೇ ಅಲ್ಲ. 60 ದಾಟಿದವರಲ್ಲಿ ಎದೆಬಡಿತದ ಲಯ ತಪ್ಪಿಸೋ ಅಪಾಯ ಹೆಚ್ಚು. ಮೆಟ್‌ಫಾರ್ಮಿನ್, ಪ್ಯಾಂಟೊಪ್ರಜೋಲ್ ಎರಡೂ ವಿಟಮಿನ್ ಬಿ12 ಇಳಿಸುತ್ತವೆ. ಅವರು ಸಸ್ಯಾಹಾರಿನಾ? ಕಾಲು ಜುಮ್ಮೆನ್ನುತ್ತಾ? ಮಾತ್ರೆ ಯಾವಾಗ ತಗೋತಾರೆ?

ಪ್ರಶ್ನೆ ಕೇಳಿದವರು:
ಸಸ್ಯಾಹಾರಿ ಮೇಡಂ. ಪಾದ ಜುಮ್ಮೆನ್ನುತ್ತೆ ಅಂತಾರೆ, ಶುಗರ್‌ದಿರಬೇಕು ಅಂದ್ಕೊಂಡಿದ್ವಿ. ಮಾತ್ರೆ ತಿಂಡಿ ಆದ್ಮೇಲೆ, ಎಲ್ಲದರ ಜೊತೆ ಒಟ್ಟಿಗೆ.

ಉತ್ತರ:
ಶುಗರ್‌ದೂ ಇರಬಹುದು, ಬಿ12 ಕೊರತೆಯದೂ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ, ಜೊತೆಗೆ ಹಿಮೋಗ್ಲೋಬಿನ್, ಮೆಗ್ನೀಸಿಯಂ. ಪ್ಯಾಂಟೊಪ್ರಜೋಲ್ ತಿಂಡಿಗೆ ಅರ್ಧ ಗಂಟೆ ಮುಂಚೆ, ಖಾಲಿ ಹೊಟ್ಟೆಗೆ. ತಿಂಡಿ ಆದ್ಮೇಲೆ ತಗೊಂಡ್ರೆ ಪೂರ್ತಿ ಕೆಲಸ ಮಾಡಲ್ಲ, ಆಮೇಲೆ 'ಇನ್ನೊಂದು ಸೇರಿಸಿ' ಅನ್ನೋ ಪರಿಸ್ಥಿತಿ ಬರುತ್ತೆ. ರಾತ್ರಿ ಉಂಡ ಮೇಲೆ ಕನಿಷ್ಠ ಮೂರು ಗಂಟೆ ಮಲಗೋದು ಬೇಡ. ಮಂಚದ ತಲೆಕಡೆ ಕಾಲುಗಳಿಗೆ ಆರು ಇಂಚಿನ ಮರದ ತುಂಡು ಕೊಡಿ. ದಿಂಬು ಪೇರಿಸಿದ್ರೆ ಕುತ್ತಿಗೆ ಬಾಗುತ್ತೆ ಅಷ್ಟೇ.

ಇನ್ನೊಬ್ಬ ಸದಸ್ಯರು (ಹಾಸನ):
ನಾನು ಇಂಥ ಗ್ಯಾಸ್ಟ್ರಿಕ್ ಮಾತ್ರೆ ಒಮ್ಮೆಲೇ ನಿಲ್ಲಿಸಿದ್ದೆ ಡಾಕ್ಟ್ರೇ. ಮೂರನೇ ದಿನ ಎದೆಗೆ ಬೆಂಕಿ ಹಚ್ಚಿದಂಗಾಯ್ತು. ಹೆದರಿ ಮತ್ತೆ ಶುರು ಮಾಡಿದೆ.

ಉತ್ತರ:
ಅದು ಕಾಯಿಲೆ ಮರಳಿದ್ದೇ ಅಂತ ಹೇಳಕ್ಕಾಗಲ್ಲ. ತಡೆದಿಟ್ಟ ಆಮ್ಲ ಒಮ್ಮೆಲೇ ಹೆಚ್ಚಾಗಿ ಬರುತ್ತೆ. ಡೆನ್ಮಾರ್ಕ್‌ನಲ್ಲಿ ಯಾವ ತೊಂದರೆಯೂ ಇಲ್ಲದ 120 ಜನರಲ್ಲಿ ಅರ್ಧದಷ್ಟು ಮಂದಿಗೆ ಎಂಟು ವಾರ ಇಂಥದ್ದೇ ಮಾತ್ರೆ ಕೊಟ್ಟು ನಿಲ್ಲಿಸಿದ್ರು. 2009ರ ವರದಿ. ಮಾತ್ರೆ ತಗೊಂಡವರಲ್ಲಿ ಶೇ. 44 ಜನಕ್ಕೆ ಎದೆಯುರಿ, ಹುಳಿತೇಗಿನಂಥ ತೊಂದರೆ ಬಂತು. ಔಷಧಿ ಇಲ್ಲದ ಖಾಲಿ ಗುಳಿಗೆ ತಗೊಂಡ ಉಳಿದವರಲ್ಲಿ ಶೇ. 15. ಹಾಗಾಗಿ ನಾನು ಡೋಸ್ ಅರ್ಧ ಮಾಡಿ, ದಿನ ಬಿಟ್ಟು ದಿನ ಮಾಡಿ, ಕೆಲವು ವಾರಗಳಲ್ಲಿ ಬಿಡಿಸ್ತೀನಿ. ನಡುವೆ ಉರಿ ಬಂದ್ರೆ ಆಂಟಾಸಿಡ್ ಸಿರಪ್.

ಆದ್ರೆ ಹೃದಯಕ್ಕೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತಗೋಳ್ತಿರೋರು, ಹಿಂದೆ ಹುಣ್ಣಿನಿಂದ ರಕ್ತಸ್ರಾವ ಆದವರು, ಆಮ್ಲದಿಂದ ಅನ್ನನಾಳ ತೀವ್ರವಾಗಿ ಹುಣ್ಣಾದವರು ಇದನ್ನ ಓದಿ ಮಾತ್ರೆ ಬಿಡಬೇಡಿ. ನುಂಗಕ್ಕೆ ಕಷ್ಟ, ತೂಕ ಇಳಿಕೆ, ಕಪ್ಪು ಮಲ ಇದ್ರೆ ಮೊದಲು ಎಂಡೋಸ್ಕೋಪಿ.

ಪ್ರಶ್ನೆ ಕೇಳಿದವರು (ಐದು ದಿನದ ಮೇಲೆ):
ಮೇಡಂ, ಬಿ12 ರಿಪೋರ್ಟ್ ಬಂತು, 138.

ಉತ್ತರ:
200ರ ಕೆಳಗೆ ಅಂದ್ರೆ ಕೊರತೆ. ಶುಗರ್ ನೋಡೋ ಡಾಕ್ಟರ್‌ಗೆ ಈ ವಾರವೇ ತೋರಿಸಿ, ಇಂಜೆಕ್ಷನ್ ಬೇಕಾಗಬಹುದು. ಹೋಗುವಾಗ ಮನೇಲಿರೋ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕ್ಕೊಂಡು ಹೋಗಿ. ಹಳೇ ಚೀಟಿ ಬೇಡ.