ಭುಜದ ಆಪರೇಷನ್ ಆಗಿ ಐದು ವಾರ, ನೋವಿಲ್ಲ. ಸ್ಲಿಂಗ್ ಬಿಚ್ಚಬಹುದಾ?

ಸಿಂಧನೂರಿನಿಂದ:
ನಮ್ಮಪ್ಪನಿಗೆ 58 ವರ್ಷ. ಭತ್ತದ ಚೀಲ ಎತ್ತುವಾಗ ಬಲ ಭುಜದ ರೊಟೇಟರ್ ಕಫ್, ಅಂದರೆ ಭುಜದ ಕೀಲನ್ನು ಸುತ್ತಿ ಹಿಡಿದಿರುವ ಪಟ್ಟಿ, ಹರಿದಿತ್ತು. ಆಪರೇಷನ್ ಆಗಿ ಐದು ವಾರ. ಆರು ವಾರ ಸ್ಲಿಂಗ್ (ಕುತ್ತಿಗೆಗೆ ಕೈ ತೂಗುಹಾಕುವ ಪಟ್ಟಿ) ಹಾಕಿ ಅಂದಿದ್ದಾರೆ. ನೋವಿಲ್ಲವಲ್ಲ, ಬಿಚ್ಚಿ ಹೊಲಕ್ಕೆ ಹೋಗ್ತೀನಿ ಅಂತ ಇವರ ಹಠ. ಬೇಗ ಕೂಡಲು ಏನು ಮಾಡಬೇಕು? ಒಬ್ಬರು ಕಾಲು ಸೂಪ್ ಕುಡಿಸಿ ಅಂದರು, ಇನ್ನೊಬ್ಬರು ಎಣ್ಣೆ ತಿಕ್ಕಿಸಿ ಅಂದರು.

ರಾಯಚೂರಿನಿಂದ:
ತಮ್ಮಾ, ಅಪ್ಪನನ್ನು ಹೇಗಾದರೂ ಮಾಡಿ ಹಿಡಿದು ಕೂರಿಸು. ನನಗೂ ಇದೇ ಆಪರೇಷನ್ ಆಗಿತ್ತು. ಏಳನೇ ವಾರಕ್ಕೆ ನೋವೂ ಇಲ್ಲ, ಸ್ಲಿಂಗೂ ಇಲ್ಲ. ಕೈಗೆ ಕೆಲಸ ಕೊಡಬೇಡಿ ಅಂತ ಮಾತ್ರ ಹೇಳಿದ್ದರು. ಅವತ್ತು ಮನೆಗೆ ಬೀಗರು ಬಂದರು. ನಾಲ್ಕೇ ರೊಟ್ಟಿ ಅಲ್ವಾ ಅಂತ ಒಲೆ ಮುಂದೆ ಕೂತೆ. ಮೂರನೇ ರೊಟ್ಟಿ ಬಡಿಯುವಾಗ ಭುಜದೊಳಗೆ ದಾರ ಜಗ್ಗಿದ ಹಾಗಾಯಿತು. ರಾತ್ರಿ ಬಾಚಣಿಗೆ ಎತ್ತಲೂ ಆಗಲಿಲ್ಲ. ಸ್ಕ್ಯಾನ್ ಮಾಡಿಸಿದರೆ ಹೊಲಿಗೆ ಹಾಕಿದ ಜಾಗ ಸ್ವಲ್ಪ ಬಿಟ್ಟಿತ್ತು.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ನಾವು ನರ ಹರಿದಿದೆ ಅಂತೀವಿ, ಅದು ನರ ಅಲ್ಲ, ಟೆಂಡನ್, ಅಂದರೆ ಮಾಂಸಖಂಡವನ್ನು ಎಲುಬಿಗೆ ಹಿಡಿದಿಡುವ ಹುರಿ. ಎಲುಬಿನೊಳಗೆ ಸಣ್ಣ ಮೊಳೆಯಂಥದ್ದು ಕೂರಿಸಿ, ದಾರದಿಂದ ಅದನ್ನು ಕಟ್ಟಿರುತ್ತಾರೆ. ದಾರ ಹಿಡಿದುಕೊಂಡಿರುತ್ತದೆ, ಅಷ್ಟೇ. ಟೆಂಡನ್ ತಾನೇ ಎಲುಬಿಗೆ ಹತ್ತಿಕೊಳ್ಳಲು ಮೂರು ತಿಂಗಳಾದರೂ ಬೇಕು, ಗಟ್ಟಿಯಾಗಲು ಆರು ತಿಂಗಳಿಗೂ ಜಾಸ್ತಿ. ನೋವು ಅದಕ್ಕಿಂತ ಎಷ್ಟೋ ಮುಂಚೆ ಹೋಗಿಬಿಡುತ್ತದೆ. ಮೋಸ ಹೋಗುವುದು ಅಲ್ಲೇ.

ರಾತ್ರಿ ಗೋಡೆಗೆ ಎರಡು ದಿಂಬು ಕೊಟ್ಟು ಅರ್ಧ ಕೂತ ಹಾಗೆ ಮಲಗಿಸು. ಅಂಗಿ ಹಾಕುವಾಗ ಆಪರೇಷನ್ ಆದ ಕೈ ಮೊದಲು, ಬಿಚ್ಚುವಾಗ ಕೊನೆಗೆ. ನಮ್ಮ ಕಡೆ ಬಿಸಿಲಿಗೆ ಕಂಕುಳು ಬೆವೆತು ಬೊಬ್ಬೆ ಏಳುತ್ತದೆ, ಹತ್ತಿ ಬಟ್ಟೆ ಮಡಚಿ ಇಡು.

ಬಳ್ಳಾರಿಯಿಂದ:
ನಾನು ಫಿಸಿಯೋಥೆರಪಿಸ್ಟ್. ಎಣ್ಣೆ ತಿಕ್ಕಿಸಲೇಬೇಡಿ, ಕೈ ಎಳೆಯುವವರ ಹತ್ತಿರವಂತೂ ಹೋಗಬೇಡಿ. ಸೂಪ್ ಕುಡಿಯಲಿ, ತಪ್ಪಿಲ್ಲ, ಆದರೆ ಅದರಿಂದ ಟೆಂಡನ್ ಬೇಗ ಕೂಡುವುದಿಲ್ಲ. ಮೊಟ್ಟೆ, ಬೇಳೆ, ಮೊಳಕೆ ಕಾಳು, ಶೇಂಗಾ ದಿನಾ ಊಟದಲ್ಲಿರಲಿ. ಅಪ್ಪ ಬೀಡಿ ಸೇದುತ್ತಾರಾ? ಶುಗರ್ ಇದೆಯಾ? ಸೂಪಿಗಿಂತ ಮೊದಲು ಅದನ್ನು ನೋಡಿ. ಬೀಡಿ, ಸಿಗರೇಟು ಸೇದುವವರಲ್ಲಿ, ಶುಗರ್ ಹತೋಟಿಯಲ್ಲಿ ಇಲ್ಲದವರಲ್ಲಿ ಟೆಂಡನ್ ಕೂಡುವುದು ಕಷ್ಟ. ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ನೀವಾಗಿಯೇ ತಂದು ಕೊಡಬೇಡಿ, ಆಪರೇಷನ್ ಮಾಡಿದವರನ್ನು ಕೇಳಿ.

ಕೊಪ್ಪಳದಿಂದ:
ನಮ್ಮ ಕಾಕಾ ಇದಕ್ಕೆ ಉಲ್ಟಾ. ಹೆದರಿ ಮೂರು ತಿಂಗಳು ಸ್ಲಿಂಗೇ ಬಿಚ್ಚಲಿಲ್ಲ, ವ್ಯಾಯಾಮಕ್ಕೂ ಹೋಗಲಿಲ್ಲ. ಭುಜ ಕಟ್ಟಿಗೆಯಾಯಿತು. ಬಿಡಿಸಲು ಮತ್ತೆ ಆರು ತಿಂಗಳು ಹಿಡಿಯಿತು. ಬೆರಳು, ಮಣಿಕಟ್ಟು, ಮೊಣಕೈಯನ್ನಾದರೂ ಆಡಿಸುತ್ತಿರಲಿ. ಭುಜದ ವ್ಯಾಯಾಮ ಮಾತ್ರ ಡಾಕ್ಟರು ಹೇಳಿದ್ದನ್ನು ಹೇಳಿದ ವಾರದಲ್ಲೇ ಮಾಡಿಸಿ.

ಸಿಂಧನೂರಿನಿಂದ:
ಅಕ್ಕಾ, ನಿಮ್ಮ ರೊಟ್ಟಿ ಕಥೆ ಅಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡದೆ ಸ್ಲಿಂಗ್ ಪಟ್ಟಿ ಬಿಗಿ ಮಾಡಿಕೊಂಡರು. ಬೀಡಿ ವಿಷಯ ಬಂದ ಕೂಡಲೇ ಎದ್ದು ಕಟ್ಟೆಗೆ ಹೋಗಿ ಕೂತಿದ್ದಾರೆ.